ಯಾರ ಸಾವಿಗೂ ಅಲ್ಲದ ಬಡಿತ

ಬಿಸಿಯಾದ ವಾರ್ನಿಷ್ಷಿನ ವಾಸನೆ ಕ್ಲಬ್ಬಿನ ವಾಚನಾಲಯದವರೆಗೂ ಬಂದಾಗ ಲಕ್ಕಯ್ಯ ಅಂದಿನ ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುತ್ತಿದ್ದ. ಕೈಯಲ್ಲಿದ್ದುದನ್ನು ಮೇಜಿನ ಮೇಲೆ ಬಿಟ್ಟು ಒಳಗಿನ ಹಾಲ್‌ಗೆ ಓಡಿದ. ಪಿಯಾನೋವನ್ನು ಯಾರೋ ಗೋಡೆಯಿಂದ ಮೊಳದಷ್ಟು ಮುಂದಕ್ಕೆ ಎಳೆದಿದ್ದರು. ಅದರ ಬೆನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅವನ ಅಪ್ಪ ಮಂಚಯ್ಯ ಕುಕ್ಕರಗಾಲಲ್ಲಿ ಕೂತು, ಮನೆಯ ಅಗ್ಗಿಷ್ಟಿಕೆಯ ಕೆಂಡಕ್ಕೆ ಬೀಸಣಿಗೆ ಹಾಕುತ್ತಿದ್ದ.

“ಅಪ್ಪಾ! ಏನ್ಮಾಡ್ತಾ ಇದ್ದೀಯ?”

“ಕಾಯಿಸ್ತಾ ಇವ್ನಿ,” ಎಂದ ಮಂಚಯ್ಯ ತಲೆ ಎತ್ತದೆ. “ಮಳೇಗೆ ನೆಂದು ಸತ್ತೋಗೈತೆ ಕಣ್ಲಾ ಇದು. ಒತ್ತಿದ್ರೆ ಒಳಿಕ್ಕೋಯ್ತದೆ, ಮ್ಯಾಕ್ಕೆ ಬರಾಕಿಲ್ಲ.”

“ಇದೇನು ತಮಟೆಯಾ ಕಾಯಿಸಾಕೆ? ಮರ ಅಪ್ಪ ಇದು. ಹತ್ಕೊಂಡ್ರೆ ಏನ್ಗತಿ?”

“ಮರ ಅಂತ ನಂಗೂ ಗೊತ್ತು. ಇಲ್ ಬಾ. ಮುಟ್ಟು.”

ಲಕ್ಕಯ್ಯ ಬಗ್ಗಿದ. ಪಿಯಾನೋದ ಬೆನ್ನನ್ನು ಅವನು ಅದುವರೆಗೆ ನೋಡಿರಲಿಲ್ಲ. ಅಗಲವಾದ ತೆಳು ಹಲಗೆ, ಅದರ ಮೇಲೆ ಓರೆಯಾಗಿ ಪಕ್ಕೆಲುಬಿನಂಥ ಪಟ್ಟಿಗಳು. ಹಲಗೆ ಬೆಚ್ಚಗಿತ್ತು.

“ಮುಂದ್ಗಡೆ ಕಾಣೋವೆಲ್ಲಾ ಬರೀ ಅಲ್ಲು,” ಎಂದ ಮಂಚಯ್ಯ. “ಇದ್ರ ಚರ್ಮ ಇಲ್ಲೈತೆ. ದೂರದಿಂದ ವಸಿ ಬಿಸಿ ತೋರ್ಸಿದ್ರೆ ಸಾಕು, ಬಿಗೀತದೆ.”

ಅವನು ಅಗ್ಗಿಷ್ಟಿಕೆಯನ್ನು ಪಕ್ಕಕ್ಕೆ ಸರಿಸಿ, ಪಂಚೆಗೆ ಕೈ ಒರೆಸಿಕೊಂಡು ಮುಂದಕ್ಕೆ ಬಂದ. ಬೆಳಿಗ್ಗೆಯಿಂದ ತಗ್ಗಿಯೇ ಇದ್ದ ಒಂದು ಮನೆಯನ್ನು, ಆ ಬಿಳಿ ಹಲ್ಲುಗಳಲ್ಲೊಂದನ್ನು, ಬೆರಳ ತುದಿಯಿಂದ ಒತ್ತಿದ. ಅದು ಒಳಗೆ ಹೋಗಿ, ಸದ್ದು ಮಾಡಿ, ಮೇಲಕ್ಕೆ ಬಂತು. ಮಂಚಯ್ಯ ಮಗನ ಮುಖ ನೋಡಿ ನಕ್ಕ. ಹಾಸನಕ್ಕೆ ಬಂದ ಮೇಲೆ ಅಪ್ಪ ಹಾಗೆ ಬಾಯ್ತುಂಬ ನಕ್ಕದ್ದನ್ನು ಲಕ್ಕಯ್ಯ ನೋಡಿರಲಿಲ್ಲ. ಅಲ್ಲೇ, ಆಗಲೇ ತಡೆಯಬೇಕಿತ್ತು. ಅದರ ಬದಲು ಅವನು ಹೋಗಿ, ವಾಸನೆ ರಸ್ತೆಗೆ ಹೋಗದ ಹಾಗೆ ಬೀದಿ ಕಡೆಯ ಕಿಟಕಿಗಳನ್ನು ಮುಚ್ಚಿ ಬಂದ.

ಆ ಕ್ಲಬ್ಬಿನಲ್ಲಿ ಅವನು ಗುಮಾಸ್ತ. ಇಂಟರ್‌ಮೀಡಿಯೆಟ್ ಪಾಸಾದವನು. ಪತ್ರಿಕೆ ಜೋಡಿಸುವುದು, ಪತ್ರ ಬರೆಯುವುದು, ಬಾಗಿಲು ತೆಗೆಯುವುದು, ಹಾಕುವುದು ಎಲ್ಲವೂ ಅವನದೇ. ಕಟ್ಟಡದ ಹಿಂದೆ ಒಂದೂವರೆ ಕೋಣೆಯ ಮನೆ ಕೊಟ್ಟಿದ್ದರು. ಪಿಯಾನೋ ಸಕಲೇಶಪುರದ ಕಡೆ ಕಾಫಿ ತೋಟ ಮಾರಿ ಸೀಮೆಗೆ ಹೊರಟ ಬಿಳಿ ದೊರೆಯೊಬ್ಬ ಬಿಟ್ಟುಹೋದದ್ದು. ಅದನ್ನು ನುಡಿಸಬಲ್ಲವರು ಸದಸ್ಯರಲ್ಲಿ ಯಾರೂ ಇರಲಿಲ್ಲ. ಅದರ ಮೇಲೆ ಹೂದಾನಿ ಇಟ್ಟಿದ್ದರು. ಸಂಜೆ ಇಸ್ಪೀಟಿನವರು ಬರುವ ತನಕ ಹಾಲ್ ಖಾಲಿ ಬಿದ್ದಿರುತ್ತಿತ್ತು.

ಮಂಚಯ್ಯ ದಂಡಿಗನಹಳ್ಳಿಯ ತಮಟೆಯವನು. ಸುತ್ತಲ ಊರುಗಳಲ್ಲಿ ಸಾವಾದರೆ ಆಳು ಮೊದಲು ಬರುತ್ತಿದ್ದುದು ಕೇರಿಯಲ್ಲಿ ಅವನ ಮನೆಗೆ. ಅವನ ಕೈಯ ಹೆಸರು ಬಾಗೂರಿನವರೆಗೂ ಇತ್ತು. ಎಂಥ ಕೈಯಾದರೇನು, ಹೆಣದ ಮುಂದೆ ಬಾರಿಸುತ್ತ ಹೋಗಿ, ಆಮೇಲೆ ಅಂಗಳದ ಆಚೆ ಕೂತು, ಮೇಲಿನಿಂದ ಹಾಕಿದ ಕೂಳನ್ನು ಟವೆಲಿನಲ್ಲಿ ಹಿಡಿದುಕೊಂಡು ಬರಬೇಕಿತ್ತು. ಪಟೇಲ ಚನ್ನಪ್ಪನ ತಾಯಿ ತೀರಿಕೊಂಡ ದಿನ ಲಕ್ಕಯ್ಯ ಊರಿನಲ್ಲಿದ್ದ. ಕರೆಯಲು ಬಂದ ಆಳಿಗೆ ಬಾಗಿಲಲ್ಲೇ ಅಡ್ಡ ನಿಂತು, “ನಮ್ಮಪ್ಪ ಇನ್ಮೇಲೆ ಬರಾಕಿಲ್ಲ ಅಂತ ಯೋಳು. ಯಾರ ಹೆಣದ ಮುಂದೂ ಬಾರ್ಸಾಕಿಲ್ಲ,” ಎಂದ. ಆಳು ಹೋದ ಮೇಲೆ ಮಂಚಯ್ಯ ಗೂಟದಿಂದ ತಮಟೆ ಇಳಿಸಿದ. ಅಂಗಳದಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದ. ಬಾರಿಸುವ ಮೊದಲು ಚರ್ಮ ಬಿಗಿಯಲೆಂದು ಕಾಯಿಸುವ ಹಾಗೆಯೇ ತಮಟೆಯನ್ನು ಉರಿಗೆ ಹಿಡಿದ. ಹಿಡಿದವನು ಹಿಂದಕ್ಕೆ ತೆಗೆಯಲಿಲ್ಲ.

ತಾನು ತಡೆದದ್ದು ಸರಿಯಾದ ಕೆಲಸವೆಂಬುದರಲ್ಲಿ ಲಕ್ಕಯ್ಯನಿಗೆ ಅನುಮಾನವಿರಲಿಲ್ಲ. ಮಾರನೆಯ ವರ್ಷ ಅವನ ತಾಯಿ ಮಾಯಮ್ಮ ತೀರಿಕೊಂಡಳು. ಅವಳ ಮುಂದೆಯೂ ತಮಟೆ ಇರಲಿಲ್ಲ. ಊರ ಹೆಣಗಳನ್ನೆಲ್ಲ ಕಳಿಸಿಕೊಟ್ಟವನು ತನ್ನ ಹೆಂಡತಿಯ ಹಿಂದೆ ಬರಿಗೈಯಲ್ಲಿ ನಡೆದ. ಹಳ್ಳದಂಚಿನ ಸ್ಮಶಾನದವರೆಗೂ ಬರೀ ಕಾಲ ಸಪ್ಪಳ. ಆ ಸಪ್ಪಳ ತನಗೆ ಇನ್ನೂ ಕೇಳುತ್ತದೆಂದು ಲಕ್ಕಯ್ಯ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಹಾಸನಕ್ಕೆ ಕರೆತಂದ ಮೇಲೆ ಅಪ್ಪ ಮಾತು ಬಿಟ್ಟ. ಹೊತ್ತಿಗೊಂದು ಮುದ್ದೆ ಮುರಿಯುವವನು ಅರ್ಧಕ್ಕೇ ಕೈ ತೊಳೆಯುತ್ತಿದ್ದ. “ಗ್ವಾಡೆ ನೋಡ್ತಾ ಕೂತವ್ರೆ ಮಾವ. ಗ್ವಾಡೇನೇ ನಾಚ್ಕಂಡು ಇಂದಕ್ಕೆ ಸರೀಬೇಕು ಅಂಗೆ,” ಎಂದು ಸೊಸೆ ಸಣ್ಣಕ್ಕ ತಮಾಷೆಯಾಗಿ ಹೇಳಿದರೂ, ಆಮೇಲೆ ಗಂಡನ ಹತ್ತಿರ ಬಂದು, “ಇಂಗೇ ಆದ್ರೆ ಉಳ್ಯಾಕಿಲ್ಲ ಆ ಜೀವ,” ಎಂದಳು.

ಬೇಸಿಗೆಯ ಒಂದು ಮಧ್ಯಾಹ್ನ ಲಕ್ಕಯ್ಯ ಅಪ್ಪನ ಕೈಗೆ ಬಟ್ಟೆ ಕೊಟ್ಟು ಹಾಲ್‌ನ ಧೂಳು ಒರೆಸಲು ಹೇಳಿದ. ಸುಮ್ಮನೆ ಕೂತಿರುವುದು ತಪ್ಪಲಿ ಎಂದು. ಸ್ವಲ್ಪ ಹೊತ್ತಿಗೆ ಪಿಯಾನೋದಿಂದ ಒಂದು ಸದ್ದು ಬಂತು. ಬೆಕ್ಕು ಹತ್ತಿರಬೇಕು ಎಂದುಕೊಂಡ. ಇನ್ನೊಂದು ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಮೂರನೆಯದು. ಎರಡರ ನಡುವೆ ಬಿಟ್ಟ ಜಾಗ ಬೆಕ್ಕಿನದಲ್ಲ ಎಂದು ಅವನಿಗೆ ಹೊಳೆಯಿತು. ಬಾಗಿಲ ಸಂದಿಯಿಂದ ನೋಡಿದ. ಅಪ್ಪ ನಿಂತೇ, ಕಿವಿಯನ್ನು ಪೆಟ್ಟಿಗೆಗೆ ಆನಿಸಿ, ಒಂದು ಮನೆಯನ್ನು ಒತ್ತಿ ಹಿಡಿದು, ಅದರ ಸದ್ದು ಪೂರ್ತಿ ಸಾಯುವ ತನಕ ಕಾಯುತ್ತಿದ್ದ.

ಅದಾದ ಮೇಲೆ ಪ್ರತಿ ಮಧ್ಯಾಹ್ನ ಹಾಲ್‌ನ ಬಾಗಿಲು ಒಳಗಿನಿಂದ ಮುಚ್ಚಿಕೊಳ್ಳುತ್ತಿತ್ತು. ಮಂಚಯ್ಯ ಮೊದಮೊದಲು ಬೆರಳುಗಳನ್ನೇ ಕೋಲು ಮಾಡಿಕೊಂಡು ಬಡಿದ. ಬಲಗೈ ತಮಟೆಯ ದಪ್ಪ ಕೋಲಿನ ಹಾಗೆ ಎಡತುದಿಯ ಮಂದ್ರದ ಮೇಲೆ ಬೀಳುತ್ತಿತ್ತು, ಎಡಗೈ ತೆಳು ಸೀಳುಕೋಲಿನ ಹಾಗೆ ಬಲತುದಿಯಲ್ಲಿ ಚಿಟಿಚಿಟಿ ಎನ್ನುತ್ತಿತ್ತು. ಅದಕ್ಕಾಗಿ ಕೈಗಳನ್ನು ಒಂದರ ಮೇಲೊಂದು ಅಡ್ಡ ಹಾಕಿಕೊಳ್ಳುತ್ತಿದ್ದ. ದಿನ ಕಳೆದಂತೆ ಕೋಲು ಹೋಗಿ ಬರೀ ಕೈ ಉಳಿಯಿತು. ಅಂಗೈಯಿಡೀ ಊರುತ್ತಿದ್ದ. ಮೊಳಕೈ ಊರುತ್ತಿದ್ದ. ಅಕ್ಕಪಕ್ಕದ ಆರೇಳು ಸದ್ದುಗಳು ಒಟ್ಟಿಗೇ ಎದ್ದು, ಜಗಳವಾಡಿ, ಒಂದೊಂದಾಗಿ ಅಡಗುತ್ತಿದ್ದವು. ಅಡಗುವುದನ್ನು ಅವನು ಕಾಯುತ್ತಿದ್ದ. ಒಮ್ಮೊಮ್ಮೆ ಆ ಕಾಯುವಿಕೆಯೇ ಎಷ್ಟು ಉದ್ದವಾಗುತ್ತಿತ್ತೆಂದರೆ, ಮುಗಿಯಿತೆಂದು ಲಕ್ಕಯ್ಯ ಏಳುವಷ್ಟರಲ್ಲಿ ತೀರಾ ತುದಿಯ ಒಂದು ಸಣ್ಣ ಸದ್ದು ಬಂದು ಅವನನ್ನು ಮತ್ತೆ ಕೂರಿಸುತ್ತಿತ್ತು.

ಅದರಲ್ಲಿ ರಾಗವಿರಲಿಲ್ಲ. ಇಗರ್ಜಿಯ ಹಾಡಿನ ಹಾಗೆಯೂ ಇರಲಿಲ್ಲ. ಲಕ್ಕಯ್ಯ ಹೆದರಿದ್ದು, ಅದರಲ್ಲಿ ಹೆಣದ ಬಡಿತ ಇದ್ದೀತೆಂದು. ಚಿಕ್ಕಂದಿನಿಂದ ಕೇಳಿದ ಎಲ್ಲ ಬಡಿತಗಳೂ ಅವನಿಗೆ ಗೊತ್ತಿದ್ದವು. ಹೆಣ ಎತ್ತುವಾಗಿನದು, ನಡುದಾರಿಯಲ್ಲಿ ಇಳಿಸುವಾಗಿನದು, ಗುಣಿಯ ಹತ್ತಿರದ್ದು. ಹುಡುಕಿ ಹುಡುಕಿ ಕೇಳಿದ. ಸಿಕ್ಕಲಿಲ್ಲ.

“ಇದ್ಯಾವ ಬಡಿತ ಅಪ್ಪಾ?” ಎಂದು ಕೊನೆಗೆ ಕೇಳಿಯೇಬಿಟ್ಟ.

“ಯಾವ್ದೂ ಅಲ್ಲ ಕಣ್ಲಾ,” ಎಂದ ಮಂಚಯ್ಯ. ಸ್ವಲ್ಪ ಯೋಚಿಸಿ, “ಇದ್ಕೆ ಇನ್ನೂ ಯಾರೂ ಸತ್ತಿಲ್ಲ,” ಎಂದ.

“ನಾಳೆ ಇದನ್ನೇ ಮತ್ತೆ ಬಾರಿಸ್ತೀಯಾ?”

“ನಾಳೀಕೆ ಇದೆಲ್ಲಿರ್ತದೆ? ಓಗ್ಬುಡ್ತದೆ. ತಮ್ಟೇಲಿ ಮುಂದೆ ಎಣ ಇರೋದು, ಅದು ಓದಂಗೆ ನಾವು. ಇಲ್ಲಿ ಮುಂದೆ ಏನೂ ಇಲ್ವಲ್ಲ.”

ಮನೆಯಲ್ಲಿ ಅವನು ಉಣ್ಣತೊಡಗಿದ. ಸಣ್ಣಕ್ಕ ಎರಡನೆಯ ಮುದ್ದೆ ಇಡುತ್ತ, “ಆ ಪೆಟ್ಗೇನ ಅಷ್ಟು ಒತ್ತು ಕಡೀತೀರಲ್ಲ ಮಾವ, ಬೆಣ್ಣೆ ಬಂದ್ರೆ ನಮ್ಗೂ ಒಂದೀಟು ತನ್ನಿ,” ಎಂದಳು. “ಮಜ್ಗೇನೇ ಇನ್ನೂ ಬಂದಿಲ್ಲ, ನಿಂದೊಳ್ಳೆ ಬೆಣ್ಣೆ,” ಎಂದ ಮಂಚಯ್ಯ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಮೂವರೂ ನಕ್ಕರು.

ಆಷಾಢದ ಜಡಿಮಳೆ ಹಿಡಿದ ಮೇಲೆ ಪಿಯಾನೋದ ಮನೆಗಳು ಊದಿಕೊಂಡು ಸಿಕ್ಕಿಹಾಕಿಕೊಂಡವು. ಅಗ್ಗಿಷ್ಟಿಕೆ ಬಂದದ್ದು ಹಾಗೆ. ಕೆಲವು ದಿನ ಅದು ಸರಿಯಾಗಿಯೇ ನಡೆಯಿತು. ಮಳೆ ಬಿರುಸಾದಂತೆ ಮಂಚಯ್ಯ ಕೆಂಡವನ್ನು ಹೆಚ್ಚಿಸಿದ, ಹತ್ತಿರಕ್ಕೆ ಇಟ್ಟ. ಚರ್ಮವಾಗಿದ್ದರೆ ಅವನ ಕೈಗೆ ಅಳತೆ ಗೊತ್ತಿತ್ತು. ಮರದ ಅಳತೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಒಣಸೌದೆ ಸೀಳಿದಂಥ ಸದ್ದು ಬಂತು. ಲಕ್ಕಯ್ಯ ಹೋಗಿ ನೋಡಿದರೆ ಹಿಂದಿನ ಹಲಗೆ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು. ಅದರ ಸುತ್ತ ಬಣ್ಣ ಗುಳ್ಳೆಯೆದ್ದು ಕಪ್ಪಾಗಿತ್ತು. ಮಂಚಯ್ಯ ಮುಂದೆ ಬಂದು ಒಂದು ಮನೆ ಒತ್ತಿದ. ಸದ್ದಿನ ಬಾಲಕ್ಕೆ ಜೀರುಂಡೆಯಂಥ ಗರಗರ ಅಂಟಿಕೊಂಡು ಬಂತು.

“ಎಚ್ಚಾಗೋಯ್ತು,” ಎಂದ ಮಂಚಯ್ಯ. ಅವನ ಮುಖ ಸೋತಿತ್ತು. “ತಪ್ಪು ಮಾಡ್ಬುಟ್ಟೆ ಕಣ್ಲಾ ಲಕ್ಕ.”

ಸಣ್ಣಕ್ಕನಿಗೆ ಹೇಳಿದಾಗ ಅವಳು ಒಲೆಯ ಮುಂದಿನಿಂದ ಏಳಲಿಲ್ಲ. “ಕೆಲ್ಸ ಓದ್ರೆ ಈ ಮನೇನೂ ಓಯ್ತದೆ,” ಎಂದಳು. “ಆಮೇಲೆಲ್ಲಿಗೋಗಾದು? ಕೇರಿಗೇ ತಾನೆ? ಅಲ್ಲಿಗೋದ್ರೆ ಚನ್ನಪ್ಪನ ಮನೆಯವ್ರು ಬುಟ್ಟಾರಾ? ಮುಂದಿನ ಸಾವಿಗೆ ಮಾವನ್ನ ಕರೆಯಾಕೆ ಬತ್ತಾರೆ. ಆಗ ಬಾಗ್ಲಲ್ಲಿ ನಿಂತ್ಕಂಡು ಏನ್ ಯೋಳ್ತೀರಿ, ಒಟ್ಟೇಗೆ ಇಟ್ಟಿಲ್ದೆ?” ಲಕ್ಕಯ್ಯ ಹಾಲ್‌ಗೆ ವಾಪಸು ಹೋದ. ಪಿಯಾನೋವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೇಲೆ ಹೂದಾನಿ ಇಟ್ಟ.

ಕ್ಲಬ್ಬಿನ ಕಾರ್ಯದರ್ಶಿ ಪಂಚಾಕ್ಷರಯ್ಯ ಅಂಥ ಕೆಟ್ಟವನಲ್ಲ. ವಕೀಲ. ಲಕ್ಕಯ್ಯನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದಾಗ ಕಮಿಟಿಯಲ್ಲಿ ಗೊಣಗಿದವರನ್ನು ಸುಮ್ಮನಾಗಿಸಿದ್ದವನು ಅವನೇ. ಮರುವಾರ ಮಧ್ಯಾಹ್ನ ಜಟಕಾದಲ್ಲಿ ಬಂದಿಳಿದ. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗೆ ಭಾನುವಾರ ಚಹಾಕೂಟ; ಅವರ ಹೆಂಡತಿಗೆ ಪಿಯಾನೋ ಬರುತ್ತದಂತೆ. ಮಂಚಯ್ಯ ಆಗ ಹಾಲ್‌ನ ಮೂಲೆಯಲ್ಲಿ ಕಿಟಕಿಯ ಸರಳು ಒರೆಸುತ್ತಿದ್ದ.

ಪಂಚಾಕ್ಷರಯ್ಯ ಹೂದಾನಿ ತೆಗೆಸಿ ಮುಚ್ಚಳ ಎತ್ತಿದ. ಒಂದು ಬೆರಳಿನಿಂದ ಒತ್ತಿದ. ಗರಗರ ಕೇಳಿತು. ಇನ್ನೊಂದು ಒತ್ತಿದ. ಲಕ್ಕಯ್ಯನ ಕೈಯಲ್ಲಿ ಪಿಯಾನೋವನ್ನು ಮುಂದಕ್ಕೆ ಎಳೆಸಿ ಹಿಂದೆ ಇಣುಕಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

“ಬೆಂಕಿ,” ಎಂದ. “ಇಲ್ಲಿ ಬೆಂಕಿ ಯಾರಯ್ಯಾ ಹಾಕಿದ್ದು?”

ಮೂಲೆಯಲ್ಲಿದ್ದ ಮಂಚಯ್ಯ ಬಟ್ಟೆಯನ್ನು ಕೆಳಗಿಟ್ಟು ಮುಂದೆ ಬಂದು ನಿಂತ. “ನಾನು ಸಾ.”

ಪಂಚಾಕ್ಷರಯ್ಯ ಅಪ್ಪನನ್ನು ನೋಡಿದ, ಮಗನನ್ನು ನೋಡಿದ. ಕೋಪಕ್ಕಿಂತ ಆಯಾಸ ಹೆಚ್ಚಿತ್ತು ಆ ಮುಖದಲ್ಲಿ. ಹತ್ತಿರದ ಬೆತ್ತದ ಕುರ್ಚಿಯ ಬೆನ್ನು ಹಿಡಿದು ನಿಂತು, ಕೋರ್ಟಿನಲ್ಲಿ ಸಾಕ್ಷಿಗೆ ದಾರಿ ತೋರಿಸುವ ಹಾಗೆ ಮೆಲ್ಲಗೆ ಮಾತಾಡಿದ.

“ನೋಡು ಲಕ್ಕಯ್ಯ. ಕಮಿಟಿಗೆ ನಾನು ಉತ್ತರ ಹೇಳ್ಬೇಕು. ನಿಮ್ಮಪ್ಪ ಹಳ್ಳಿ ಮುದುಕ. ಚಳಿ, ಮಳೆ. ಬಟ್ಟೆ ಒಣಗಿಸ್ಕೊಳ್ಳೋಕೆ ಕೆಂಡ ತಂದಿಟ್ಕೊಂಡ. ಇದು ಏನು ವಸ್ತು ಅಂತ್ಲೇ ಅವನಿಗೆ ಗೊತ್ತಿಲ್ಲ. ಯಾವುದೋ ಮರದ ಪೆಟ್ಟಿಗೆ ಅಂದ್ಕೊಂಡ. ತಿಳೀದೆ ಆಗಿರೋದು. ಹೀಗೇ ತಾನೆ ಆಗಿದ್ದು? ಹೌದು ಅನ್ನು. ಉಳಿದದ್ದು ನಾನು ನೋಡ್ಕೋತೀನಿ.”

ಲಕ್ಕಯ್ಯನ ಬಾಯಿಗೆ ‘ಹೌದು’ ಬಂದಿತ್ತು. ಅದೊಂದು ಮಾತು ಹೇಳಿದರೆ ಕೆಲಸ ಉಳಿಯುತ್ತಿತ್ತು, ಹಿಂದಿನ ಮನೆ ಉಳಿಯುತ್ತಿತ್ತು, ಸಣ್ಣಕ್ಕನ ಒಲೆ ಉಳಿಯುತ್ತಿತ್ತು. ಅಪ್ಪನೂ ಬೇಡ ಅನ್ನುತ್ತಿರಲಿಲ್ಲ. ಅಪ್ಪನ ಕಡೆ ತಿರುಗಿದ. ಮಂಚಯ್ಯ ಕೈಗಳನ್ನು ಮುಂದೆ ಕಟ್ಟಿಕೊಂಡು, ಸ್ವಲ್ಪ ಬಗ್ಗಿ, ದೊಡ್ಡವರ ಅಂಗಳದಾಚೆ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದ. ಏನೂ ತಿಳಿಯದ ಮುದುಕನಾಗಲು ಅವನು ಆಗಲೇ ಸಿದ್ಧನಾಗಿದ್ದ.

“ಇಲ್ಲ ಸಾರ್,” ಎಂದ ಲಕ್ಕಯ್ಯ. “ಪಿಯಾನೋ ಅಂತ ಗೊತ್ತಿದ್ದೇ ಇಟ್ಟಿದ್ದು. ತೇವಕ್ಕೆ ಸಿಕ್ಕೊಂಡಿತ್ತು. ನುಡಿಸೋಕೆ ಅಂತ ಕಾಯಿಸಿದ್ರು. ಬಿಸಿ ಹೆಚ್ಚಾಯ್ತು.”

“ನುಡಿಸೋಕೆ? ಯಾರು?”

“ನಮ್ಮಪ್ಪ. ಬೇಸಿಗೆಯಿಂದ ದಿನಾ ನುಡಿಸ್ತಾರೆ. ಬಾಗಿಲು ತೆಗೆದುಕೊಟ್ಟವನು ನಾನು.”

ಪಂಚಾಕ್ಷರಯ್ಯ ನಗಲು ಹೋಗಿ ನಿಲ್ಲಿಸಿದ. “ನಾನು ನಿನಗೆ ದಾರಿ ಮಾಡಿಕೊಟ್ರೆ ನೀನು...” ಎಂದು ಅರ್ಧಕ್ಕೇ ಬಿಟ್ಟು ಮಂಚಯ್ಯನ ಕಡೆ ತಿರುಗಿದ. ಈಗ ಕೋಪ ಬಂದಿತ್ತು. “ಏನು ನುಡಿಸ್ತೀಯಪ್ಪಾ ನೀನು? ಹ್ಞೂಂ, ಕೂತ್ಕೋ. ನುಡಿಸು, ಕೇಳೋಣ.”

ಮಂಚಯ್ಯ ಕದಲಲಿಲ್ಲ.

“ನುಡಿಸಯ್ಯಾ ಅಂದ್ರೆ!”

“ಯೋಳ್ದಾಗ ಬರಾಕಿಲ್ಲ ಸಾ,” ಎಂದ ಮಂಚಯ್ಯ. ದನಿ ಸಣ್ಣದಿತ್ತು. “ತಮ್ಟೆಯಾಗಿದ್ರೆ ಬಾರ್ಸ್ತಿದ್ದೆ. ಅದು ಯೋಳಿಸ್ಕಂಡೇ ಬಾರ್ಸೋದು. ಇದು ಅಂಗಲ್ಲ.”

ಅಂದು ಊರಿನಲ್ಲಿ ಬಾಗಿಲಿಗೆ ಅಡ್ಡ ನಿಂತು ಇಲ್ಲವೆಂದವನು ಲಕ್ಕಯ್ಯ. ಅಪ್ಪ ತನ್ನ ಬಾಯಿಂದ ಇಲ್ಲವೆಂದದ್ದು ಇದೇ ಮೊದಲು.

ಪಂಚಾಕ್ಷರಯ್ಯನ ಮುಖ ಬಿಗಿಯಿತು. “ಸರಿ. ಬೀಗದಕೈ ಇಡು ಲಕ್ಕಯ್ಯ. ಹಿಂದಿನ ಮನೆಗೆ ತಿಂಗಳ ಕೊನೇವರೆಗೂ ಟೈಮಿದೆ. ಇನ್ನು ನನ್ನ ಕೈಲಿ ಏನೂ ಇಲ್ಲ.” ಲಕ್ಕಯ್ಯ ಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟ.

ಪಂಚಾಕ್ಷರಯ್ಯ ಕೊಡೆ ತೆಗೆದುಕೊಂಡು ಬಾಗಿಲವರೆಗೆ ಹೋದ. ಅಷ್ಟರಲ್ಲಿ ಅರಕಲಗೂಡಿನ ದಿಕ್ಕಿನಿಂದ ಕವಿದುಕೊಂಡು ಬಂದ ಮಳೆ ಒಮ್ಮೆಗೇ ಸುರಿಯಿತು. ಮುಂಬಾಗಿಲ ಮೆಟ್ಟಿಲು ಕಾಣದಷ್ಟು. ಜಟಕಾದವನು ಕುದುರೆಯನ್ನು ಬಿಚ್ಚಿ ಮರದ ಅಡಿಗೆ ಎಳೆದೊಯ್ಯುತ್ತಿದ್ದ. ಪಂಚಾಕ್ಷರಯ್ಯ ಅಲ್ಲೇ ನಿಂತ, ಹಿಂದಕ್ಕೆ ಬಂದ, ಯಾರ ಕಡೆಯೂ ನೋಡದೆ ಬೆತ್ತದ ಕುರ್ಚಿಯಲ್ಲಿ ಕೂತ. ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಹೆಂಚಿನ ಮೇಲೆ ಮಳೆಯ ಸದ್ದು ತುಂಬಿಕೊಂಡು, ಆಮೇಲೆ ಅದು ಸದ್ದೆಂಬುದೇ ಮರೆತುಹೋಗುವಷ್ಟು ಹೊತ್ತಾಯಿತು.

ಮಂಚಯ್ಯ ಯಾವಾಗ ಹೋಗಿ ಪಿಯಾನೋದ ಮುಂದೆ ಕೂತನೋ ಲಕ್ಕಯ್ಯ ಗಮನಿಸಲಿಲ್ಲ. ಮೊದಲು ಬಂದದ್ದು ಕೆಳಗಿನ ಒಂದೇ ಸದ್ದು. ಗರಗರ ಅದರ ಬೆನ್ನಿಗೇ ಬಂತು. ಮಂಚಯ್ಯ ಗರಗರವನ್ನು ಕೇಳಿದ, ಮತ್ತೆ ಅದನ್ನೇ ಒತ್ತಿದ, ಈ ಸಲ ಮೆಲ್ಲಗೆ, ಸದ್ದು ಬೇಡ, ಗರಗರವೊಂದೇ ಸಾಕು ಎಂಬ ಹಾಗೆ. ಬಿರುಕು ಎಲ್ಲೆಲ್ಲಿ ಮಾತಾಡುತ್ತದೆ, ಎಲ್ಲೆಲ್ಲಿ ಸುಮ್ಮನಿರುತ್ತದೆ ಎಂದು ಒಂದೊಂದೇ ಮನೆಯನ್ನು ಮುಟ್ಟಿ ನೋಡುತ್ತ ಹೋದ. ಎಡಗೈ ಮೇಲಕ್ಕೆ ನಡೆದು ಎಲ್ಲೋ ನಿಂತಿತು. ಬಲಗೈ ಅದನ್ನು ಕರೆಯಿತು. ಅದು ಬರಲಿಲ್ಲ. ಆಮೇಲೆ ಎರಡೂ ಅಂಗೈ ಒಟ್ಟಿಗೆ ಬಿದ್ದವು. ಹಾಲ್‌ನ ಗಾಜುಗಳು ಅದುರಿದವು. ಪಂಚಾಕ್ಷರಯ್ಯ ಬೆಚ್ಚಿ ಕೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆ ರಾಶಿ ಸದ್ದು ಮುರಿದು ಮುರಿದು ತೆಳ್ಳಗಾಗಿ, ಕೊನೆಗೆ ಒಂದೇ ಎಳೆ ಉಳಿಯಿತು. ಆ ಎಳೆಯ ಮೇಲೆ ಮಂಚಯ್ಯ ಏನನ್ನೂ ಇಡಲಿಲ್ಲ. ಕಾದ.

ಲಕ್ಕಯ್ಯ ಈಗ ಅದರಲ್ಲಿ ಯಾವ ಬಡಿತವಿದೆಯೆಂದು ಹುಡುಕಲಿಲ್ಲ. ಪಕ್ಕದಲ್ಲಿದ್ದ, ಸದಸ್ಯರಷ್ಟೇ ಕೂರುವ ಇನ್ನೊಂದು ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಕೂತ. ಪಂಚಾಕ್ಷರಯ್ಯ ಅವನ ಕಡೆ ನೋಡಿದ. ಮತ್ತೆ ಮುಂದಕ್ಕೆ ತಿರುಗಿದ.

ಮಂಚಯ್ಯ ಮತ್ತೆ ಶುರು ಮಾಡಿದ್ದ, ಬೇರೆಯದೇನನ್ನೋ, ಬಹಳ ಮೇಲೆ, ಎರಡೇ ಬೆರಳಿನಲ್ಲಿ. ಹೊರಗೆ ಹೆಂಚಿನಿಂದ ಹನಿ ಬೀಳುವುದು ಬಿಡಿಬಿಡಿಯಾಯಿತು. ಮೋಡದ ಅಡಿಯಿಂದ ಬಂದ ಬಿಸಿಲು ಒದ್ದೆ ಮೆಟ್ಟಿಲ ಮೇಲೆ ಬಿತ್ತು. ಮಳೆ ನಿಂತಿದೆ, ಹೊರಡೋಣವೇ ಎಂದು ಕೇಳಲು ಜಟಕಾದವನು ಚಾವಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಿಗೆ ಬಂದ. ಬಾಯಿ ತೆರೆದವನು ಒಳಗೆ ಕೂತ ಮೂವರನ್ನೂ ನೋಡಿ, ಕೇಳಬೇಕಾದ್ದನ್ನು ಕೇಳದೆ, ಒಂದು ಕಾಲು ಹೊಸ್ತಿಲ ಈಚೆಗೂ ಒಂದು ಆಚೆಗೂ ಇಟ್ಟುಕೊಂಡು ನಿಂತ.